ಅಟ್ಟದ ಮೇಲಿನ ಕೋರ್ಟ್ ಕಾಗದ ಉಳಿಸಿಕೊಳ್ಳುವುದು ಹೇಗೆ?

ಹಳ್ಳಿ ಮನೆಯ ಅಟ್ಟದಲ್ಲಿ ಹಳೇ ಟ್ರಂಕ್ ಒಂದು ಇದ್ದೇ ಇರುತ್ತದೆ. ಅದರ ತಳದಲ್ಲಿ ದಾರ ಸುತ್ತಿದ ಕಾಗದದ ಕಟ್ಟು. ಅಜ್ಜನ ಕಾಲದ ವ್ಯಾಜ್ಯದ್ದು: ದಾವೆ, ಡಿಕ್ರಿ (ತೀರ್ಪಿನಂತೆ ಹೊರಡುವ ಆದೇಶ) ನಕಲು, ಸಾಕ್ಷಿ ಹೇಳಿಕೆ, ಛಾಪಾ ಕಾಗದ. ಸುಣ್ಣ ಬಳಿಯುವ ದಿನ "ಕೇಸು ಮುಗಿದು ಎಷ್ಟೋ ವರ್ಷ ಆಯ್ತಲ್ಲ" ಅಂತ ಬಚ್ಚಲ ಒಲೆಗೆ ಹಾಕುವವರು ಜಾಸ್ತಿ. ದಯವಿಟ್ಟು ಹಾಕಬೇಡಿ.

ಕೋರ್ಟಿನಲ್ಲಿ ಹೇಗೂ ಒಂದು ಪ್ರತಿ ಇರುತ್ತದಲ್ಲ ಅಂದುಕೊಳ್ಳುತ್ತೇವೆ. ಇರಲೇಬೇಕೆಂದೇನಿಲ್ಲ. ಅವಧಿ ಮುಗಿದ ಕಾಗದಗಳನ್ನು ನಾಶ ಮಾಡಲು ನಿಯಮ ಮಾಡುವ ಅಧಿಕಾರ 1917ರ ಒಂದು ಕಾಯ್ದೆಯಿಂದಲೇ ಹೈಕೋರ್ಟುಗಳಿಗೆ ಸಿಕ್ಕಿದೆ. ತೀರ್ಪು, ಡಿಕ್ರಿಗೆ ಆಯಸ್ಸು ಹೆಚ್ಚು, ಉಳಿದವು ಮೊದಲು ಹೋಗುತ್ತವೆ. ನಮ್ಮ ಕಟ್ಟಿನಲ್ಲಿ ನಾಗಮಂಗಲದ ಕಡೆಯ ಒಂದು ಕೆರೆ ನೀರಿನ ಜಗಳದ ಹೇಳಿಕೆ ಇದೆ, 1934ರದ್ದು. ಹೇಳಿದವನು ನೀರುಗಂಟಿ, ಅಂದರೆ ಗದ್ದೆಗಳಿಗೆ ಕೆರೆ ನೀರು ಹಂಚುವವನು. ಮೇಲಿನ ಗದ್ದೆಗೆ ಬೆಳ್ಳಿ ಮೂಡುವ ತನಕ ನೀರು, ಕೆಳಗಿನದಕ್ಕೆ ಹೊತ್ತು ಮಾರುದ್ದ ಏರುವ ತನಕ ಅಂತ ಲೆಕ್ಕ ಕೊಟ್ಟಿದ್ದಾನೆ. ಕೊನೆಗೆ ಅವನ ಹೆಬ್ಬೆಟ್ಟು, ಗೆರೆ ಗೆರೆ ಇನ್ನೂ ಕಾಣುತ್ತದೆ. ಓದು ಬರಹ ಬಾರದ ಒಬ್ಬ ಮನುಷ್ಯನ ಮಾತು ಹೀಗೆ ಉಳಿಯುವ ಜಾಗ ಬೇರೆ ಎಲ್ಲಿದೆ ಹೇಳಿ?

ಹಾಗಾದರೆ ಶುರು ಮಾಡೋಣ. ಕಟ್ಟು ಬಿಚ್ಚುವ ಮೊದಲೇ ಅದು ಹೇಗಿದೆಯೋ ಹಾಗೇ ಒಂದು ಫೋಟೊ ತೆಗೆಯಿರಿ. ಯಾವ ಟ್ರಂಕ್, ಯಾರ ಮನೆ, ಯಾರ ಕೈಯಿಂದ ಯಾರಿಗೆ ಬಂತು ಅಂತ ಬೇರೆ ಹಾಳೆಯಲ್ಲಿ ಬರೆದಿಡಿ. ಇದು ಸುಮ್ನೆ ಶಿಸ್ತಿಗಲ್ಲ. 30 ವರ್ಷ ದಾಟಿದ ಕಾಗದ ಇರಬೇಕಾದವರ ವಶದಿಂದಲೇ ಬಂದರೆ ಅದರ ಸಹಿ, ಬರಹ ಅಸಲಿ ಎಂದು ಕೋರ್ಟ್ ಭಾವಿಸಬಹುದು. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಇದಿತ್ತು, ಈಗಿನ ಹೊಸ ಕಾಯ್ದೆಯಲ್ಲೂ ಇದೆ.

ಆಮೇಲೆ ಒರೆಸುವ ಕೆಲಸ. ಕೈ ತೊಳೆದು ಚೆನ್ನಾಗಿ ಒಣಗಿಸಿಕೊಳ್ಳಿ. ಮೃದುವಾದ ಬಣ್ಣದ ಬ್ರಷ್ಷಿನಿಂದ ನಡುವಿನಿಂದ ಅಂಚಿನ ಕಡೆಗೆ ಧೂಳು ತಳ್ಳಿ. ಒದ್ದೆ ಬಟ್ಟೆ ಬೇಡವೇ ಬೇಡ. ತುಕ್ಕು ಹಿಡಿದ ಗುಂಡುಸೂಜಿ ಎಳೆಯಬೇಡಿ, ಎಳೆದರೆ ಕಾಗದದ ತುಂಡೂ ಜೊತೆಗೆ ಬರುತ್ತದೆ. ಸೂಜಿಯ ಎರಡೂ ಕಡೆ ತೆಳುವಾದ ಪ್ಲಾಸ್ಟಿಕ್ ಹಾಳೆ ತೂರಿಸಿ, ನಿಧಾನವಾಗಿ ಸಡಿಲಿಸಿ. ಹಾಳೆಗಳ ಕ್ರಮ ಮಾತ್ರ ಬದಲಿಸಬೇಡಿ. ನಂಬರ್ ಹಾಕುವುದಾದರೆ ಪೆನ್ಸಿಲ್‌ನಲ್ಲಿ, ಮೂಲೆಯಲ್ಲಿ, ಸಣ್ಣದಾಗಿ. ಶೀತ ಹಿಡಿದಿದ್ದರೆ ನೆರಳಲ್ಲಿ, ಫ್ಯಾನ್ ಗಾಳಿಯಲ್ಲಿ ಆರಲಿ. ಬಿಸಿಲಿಗೆ ಹರಡಿದರೆ ಶಾಯಿ ಮಾಸುತ್ತದೆ, ಕಾಗದ ಹಪ್ಪಳದಂತೆ ಮುರಿಯುತ್ತದೆ.

ಲ್ಯಾಮಿನೇಷನ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಡಿಕ್ರಿಯ ಮೊದಲ ಹಾಳೆಯನ್ನು ಪೇಟೆಯ ಒಂದು ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದ್ದೆವು, ನೂರು ವರ್ಷ ಇರುತ್ತದೆ ಅಂದಿದ್ದರು. ಕೆಲವೇ ವರ್ಷಕ್ಕೆ ಆ ಹಾಳೆ ಕಂದು ಬಣ್ಣಕ್ಕೆ ತಿರುಗಿತು, ಅದರ ಜೊತೆಯ ಬರಿಗಾಗದದ ಹಾಳೆಗಳು ಈಗಲೂ ಚೆನ್ನಾಗಿವೆ! ಹಳೆ ಕಾಗದದೊಳಗಿನ ಆಮ್ಲ ಪ್ಲಾಸ್ಟಿಕ್ಕಿನೊಳಗೇ ಉಳಿದು ಕಾಗದವನ್ನು ತಿನ್ನುತ್ತಾ ಹೋಗುತ್ತದೆ, ಮೇಲಾಗಿ ಅದನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲ್ಲೊಟೇಪ್, ಫೆವಿಕಾಲ್, ರಬ್ಬರ್ ಬ್ಯಾಂಡ್ ಕೂಡ ಬೇಡ. ಹರಿದದ್ದನ್ನು ತೆಳುವಾದ ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟಿನಿಂದ ಜೋಡಿಸುವ ವಿದ್ಯೆ ಇದೆ. ಅದು ಕಲಿತವರ ಕೈಯಲ್ಲೇ ಆಗಲಿ.

ಫೋಟೊಗೆ ಮೊಬೈಲ್ ಸಾಕು. ಕಿಟಕಿ ಪಕ್ಕ ಹಾಳೆ ಹಾಸಿ, ಫ್ಲ್ಯಾಶ್ ಆರಿಸಿ, ಮೇಲಿನಿಂದ ನೇರವಾಗಿ ತೆಗೆಯಿರಿ. ಬೆನ್ನ ಕಡೆಯೂ ಬೇಕು. ಎಷ್ಟೋ ಸಲ ಸೀಲು, ತಾರೀಖು, ಗುಮಾಸ್ತರ ಟಿಪ್ಪಣಿ ಇರುವುದೇ ಹಿಂದೆ. ಫೈಲಿಗೆ ವರ್ಷ, ಕೋರ್ಟು, ದಾವೆ ನಂಬರ್, ಪುಟ ಸೇರಿಸಿ ಹೆಸರಿಡಿ. ಎರಡು ಕಡೆಯಾದರೂ ಉಳಿಸಿ, ಒಂದು ಪ್ರತಿ ಬೇರೆ ಊರಿನ ನೆಂಟರ ಹತ್ತಿರ ಇರಲಿ.

ಇಡುವುದಕ್ಕೆ ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆ ಒಳ್ಳೆಯದು. ಕೆಂಪು ಬಟ್ಟೆ ನೆನೆದರೆ ಬಣ್ಣ ಬಿಡುತ್ತದೆ. ಅಡುಗೆಮನೆಯ ಮೇಲಿನ ಅಟ್ಟ, ಹೊರಗೋಡೆಗೆ ತಾಗಿದ ಬೀರು ಎರಡೂ ಬೇಡ. ನೆಲದಿಂದ ಎತ್ತರದಲ್ಲಿ, ಗಾಳಿಯಾಡುವ ಕಡೆ ಇಟ್ಟು, ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ನೋಡಿ. ಗೆದ್ದಲು ಹೇಳಿ ಕೇಳಿ ಬರುವುದಿಲ್ಲ.

ನಡುವೆ ಹಾಳೆ ಕಳೆದುಹೋಗಿದೆಯಾ? ಕೋರ್ಟಿನಲ್ಲಿ ನಕಲು ಅರ್ಜಿ ಹಾಕಿ ನೋಡಿ. ದಾವೆ ನಂಬರ್, ವರ್ಷ ಬೇಕಾಗುತ್ತದೆ. ಆಗಿನ ಜಿಲ್ಲೆ ಯಾವುದಿತ್ತು ಅಂತಲೂ ತಿಳಿದಿರಬೇಕು. ಮಂಡ್ಯ ಜಿಲ್ಲೆ ಆದದ್ದೇ 1939ರಲ್ಲಿ, ಅದಕ್ಕೂ ಹಿಂದಿನದನ್ನು ಮೈಸೂರಿನ ಲೆಕ್ಕದಲ್ಲಿ ಹುಡುಕಬೇಕು. ಉತ್ತರ ಕನ್ನಡದವರಿಗೆ 1862ರ ತನಕ ಮದ್ರಾಸ್ ಪ್ರಾಂತ್ಯ, ಆಮೇಲೆ ಬೊಂಬಾಯಿ ಪ್ರಾಂತ್ಯ. ಕಲಬುರಗಿ ಕಡೆ ನಿಜಾಮರ ಕಾಲದ್ದು ಉರ್ದುವಿನಲ್ಲಿ ಸಿಗಬಹುದು. ಕೋರ್ಟುಗಳನ್ನು ಗಣಕೀಕರಿಸುವ ಇ-ಕೋರ್ಟ್ಸ್ ಯೋಜನೆಯ, 2023ರಲ್ಲಿ ಒಪ್ಪಿಗೆ ಸಿಕ್ಕ ಮೂರನೇ ಹಂತದ 7,210 ಕೋಟಿ ರೂಪಾಯಿಯಲ್ಲಿ ಹಳೆ ಕಡತ ಸ್ಕ್ಯಾನ್ ಮಾಡುವುದೂ ಸೇರಿದೆ. ಆದರೆ ನಾಶವಾದದ್ದನ್ನು ಯಾವ ಸ್ಕ್ಯಾನರ್ ತಂದುಕೊಡುತ್ತದೆ?

ಮನೆಯಲ್ಲಿ ಇಡಲು ಆಗದಿದ್ದರೆ ಬೆಂಗಳೂರಿನ ರಾಜ್ಯ ಪತ್ರಾಗಾರ ಇಲಾಖೆಯನ್ನು ಕೇಳಿ ನೋಡಿ. ಕೊಡುವಾಗ, ಕಟ್ಟು ಯಾರಿಂದ ಯಾರಿಗೆ ಬಂತು ಅಂತ ನೀವು ಬರೆದಿಟ್ಟ ಆ ಹಾಳೆಯನ್ನೂ ಕಟ್ಟಿನ ಜೊತೆಗೇ ಕೊಡಿ.