38 ಜಿಬಿ ಬ್ಯಾಕಪ್ ತುಂಡು ತುಂಡಾಗಿ ಇಳಿಸಿದ್ದು: ನನ್ನ ಅನುಭವ

ಒಟ್ಟಿಗೆ ಹಲವು ಕನೆಕ್ಷನ್ ತೆರೆದು ಫೈಲ್ ಇಳಿಸುವ ಆರಿಯಾ2 ಅನ್ನೋ ಸಾಧನ ಇರುವಾಗ ಇದೆಲ್ಲ ಯಾಕೆ ಅಂತ ಕೇಳಿದವರೇ ಹೆಚ್ಚು. ಸುಮಾರು 38 ಜಿಬಿಯ ಡೇಟಾಬೇಸ್ ಬ್ಯಾಕಪ್ಪನ್ನು ಬರೀ ಕರ್ಲ್ (ವೆಬ್ಬಿನಿಂದ ಫೈಲ್ ತರುವ ಕಮಾಂಡ್) ಮತ್ತು ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಇಟ್ಟುಕೊಂಡು 100 ಎಂಬಿ ತುಂಡುಗಳಾಗಿ ಇಳಿಸಿದೆ. ಎಸ್‌ಎಚ್‌ಎ256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು) ಮೂಲ ಫೈಲಿನದ್ದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಿತು. ಆಗೋದಿಲ್ಲ ಅಂದವರಿಗಾಗಿ ಇದು.

ಆರಿಯಾ2 ಹಚ್ಚಿ ನೋಡಿದ ಮೇಲೇ ಈ ದಾರಿ ಹಿಡಿದದ್ದು. ಒಂದು ಸರ್ವರಿಗೆ 16 ಕನೆಕ್ಷನ್ ತನಕ ಅದು ಬಿಡುತ್ತದೆ. ಅಷ್ಟನ್ನೂ ತೆರೆದಾಗ ವೇಗ ಮೂರು ಪಟ್ಟು ಏರಿತು, ಸ್ವಲ್ಪ ಹೊತ್ತಿಗೇ ಸರ್ವರ್ 429 (ಕೇಳಿಕೆ ಜಾಸ್ತಿಯಾಯ್ತು), 503 (ಸದ್ಯಕ್ಕೆ ಆಗದು) ಅನ್ನುವ ಉತ್ತರ ಕೊಡತೊಡಗಿತು. ನನ್ನದು ಆಗಾಗ ಕಡಿದುಹೋಗುವ ಲೈನ್. ಇಂಥ ಕಡೆ ಅವಸರಕ್ಕಿಂತ ಲೆಕ್ಕ ಮುಖ್ಯ. ಈಗ ಒಟ್ಟಿಗೆ ಮೂರೇ ತುಂಡು ಕೇಳುತ್ತೇನೆ.

ದುಡ್ಡು ಹೋದದ್ದು ಬೇರೆ ಕಡೆ. ರೇಂಜ್ (ಇಷ್ಟನೇ ಬೈಟಿನಿಂದ ಇಷ್ಟನೇ ಬೈಟಿನ ತನಕ ಅಂತ) ಕೇಳಿದರೂ ಅದನ್ನು ಲೆಕ್ಕಿಸದೆ 200 (ಎಲ್ಲ ಸರಿ) ಕೊಟ್ಟು ಇಡೀ ಫೈಲ್ ಸುರಿಯಲು ಎಚ್‌ಟಿಟಿಪಿಯಲ್ಲಿ ಅವಕಾಶವಿದೆ. ನನಗೂ ಸರ್ವರಿಗೂ ನಡುವಿನ ಒಂದು ಪ್ರಾಕ್ಸಿ (ಮಧ್ಯವರ್ತಿ ಸರ್ವರ್) ಅದನ್ನೇ ಮಾಡಿತು. ಒಂದು ತುಂಡಿನ ಹೆಸರಲ್ಲಿ ಹತ್ತಿರ ಹತ್ತಿರ 9 ಜಿಬಿ ಬಂದು ಕೂತಿತ್ತು! ಅತ್ತ ಕ್ಲೌಡಿನಿಂದ ಹೊರಬೀಳುವ ಪ್ರತಿ ಜಿಬಿಗೂ ಬಿಲ್, ಇತ್ತ ನನ್ನ ಡೇಟಾ ಮಿತಿ. ಎರಡೂ ನೀರಿನಲ್ಲಿ ಹೋಮ. ಅದಕ್ಕೇ ಈಗ ಮೊದಲು 0-0 ಅಂತ ಒಂದೇ ಬೈಟ್ ಕೇಳುತ್ತೇನೆ. 206 (ಕೇಳಿದ ಭಾಗ ಮಾತ್ರ) ಬಂದರೆ ಮಾತ್ರ ಮುಂದಿನ ಮಾತು. ಉತ್ತರದ ಜತೆ ಬರುವ ಕಂಟೆಂಟ್-ರೇಂಜ್ ಹೆಡರಿನಲ್ಲಿ (ವಿವರದ ಸಾಲಿನಲ್ಲಿ) ಓರೆಗೆರೆಯ ಬಲಕ್ಕೆ ಫೈಲಿನ ಪೂರ್ತಿ ಗಾತ್ರವೂ ಸಿಕ್ಕಿಬಿಡುತ್ತದೆ. ‘ತುಂಡು ಕೊಡುತ್ತೇನೆ’ ಅಂತ ಸರ್ವರ್ ಹೇಳುವ ಆಕ್ಸೆಪ್ಟ್-ರೇಂಜಸ್ ಹೆಡರ್ ನೋಡಿ ನಂಬುವವರು ನಂಬಲಿ, ನಾನಂತೂ ನಂಬೋದಿಲ್ಲ.

ಮೊದಲ ತುಂಡು 0-104857599, ಎರಡನೆಯದು 104857600ರಿಂದ. ಎರಡೂ ತುದಿಯ ಬೈಟ್ ಲೆಕ್ಕಕ್ಕೆ ಸೇರುತ್ತದೆ ಅನ್ನೋದು ನಿಮಗೆ ಗೊತ್ತಿರುವುದೇ. ಎಲ್ಲ ಸೇರಿ 390ರ ಆಸುಪಾಸು ತುಂಡು. ಬಂದ ಪ್ರತಿ ತುಂಡಿನ ಬೈಟ್ ಎಣಿಸಿ, ಸರಿಯಿದ್ದರಷ್ಟೇ ಹೆಸರು ಬದಲಿಸಿ ಒಳಗೆ ಬಿಟ್ಟುಕೊಳ್ಳಬೇಕು. ನೂರೈವತ್ತು ಬೈಟಿನ ಒಂದು ತುಂಡನ್ನು ತೆರೆದರೆ ಒಳಗಿದ್ದದ್ದು ‘502 ಬ್ಯಾಡ್ ಗೇಟ್‌ವೇ’ ಅನ್ನುವ ಎಚ್‌ಟಿಎಂಎಲ್ ಪುಟ. ಕರ್ಲಿಗೆ ಫೇಲ್ (--fail) ಆಯ್ಕೆ ಕೊಡದಿದ್ದರೆ ಅದನ್ನೂ ಡೇಟಾ ಅಂತಲೇ ಉಳಿಸುತ್ತದೆ.

ನಿಜವಾಗಿ ಕಾಡಿದ್ದು ಇನ್ನೊಂದು. ಎಲ್ಲ ತುಂಡೂ ಸರಿ, ಒಟ್ಟು ಗಾತ್ರವೂ ಸರಿ, ಆದರೂ ಹ್ಯಾಶ್ ಹೊಂದದು. ಅತ್ತ ರಾತ್ರಿ ಅದೇ ಹೆಸರಿನಲ್ಲಿ, ಅಷ್ಟೇ ಗಾತ್ರದ ಹೊಸ ಬ್ಯಾಕಪ್ ಬಂದು ಕೂತಿತ್ತು, ನನ್ನಲ್ಲಿ ಅರ್ಧ ಹಳೆಯದು, ಅರ್ಧ ಹೊಸದು. ಇದಕ್ಕೆ ಈಟ್ಯಾಗ್ (ಸರ್ವರ್ ಕೊಡುವ, ಫೈಲ್ ಬದಲಾದರೆ ತಾನೂ ಬದಲಾಗುವ ಗುರುತು) ಮದ್ದು. ಅದನ್ನು ಇಫ್-ರೇಂಜ್ ಹೆಡರಿನಲ್ಲಿ ಕಳಿಸಿ ಅಂತ ಎಲ್ಲರೂ ಅನ್ನುತ್ತಾರೆ, ಆದರೆ ಫೈಲ್ ಬದಲಾಗಿದ್ದರೆ ಅದು 200 ಜತೆ ಪೂರ್ತಿ ಫೈಲನ್ನೇ ಕಳಿಸುತ್ತದೆ, ಮತ್ತೆ ಅದೇ ಖರ್ಚು. ಬದಲಿಗೆ ಇಫ್-ಮ್ಯಾಚ್ ಹೆಡರಿನಲ್ಲಿ ಹಾಕಿ, ಫೈಲ್ ಬದಲಾಗಿದ್ದರೆ 412 (ಷರತ್ತು ಹೊಂದಲಿಲ್ಲ) ಬಂದು ಅಲ್ಲಿಗೇ ನಿಲ್ಲುತ್ತದೆ. ಈಟ್ಯಾಗ್ ಗಟ್ಟಿಯದಿರಬೇಕು (ಸ್ಟ್ರಾಂಗ್) ಅಷ್ಟೆ, ಡಬ್ಲ್ಯೂನಿಂದ ಶುರುವಾಗುವ ವೀಕ್ ಜಾತಿ ಇಲ್ಲಿ ನಡೆಯೋದಿಲ್ಲ.

ಸೋತ ತುಂಡನ್ನು ಮತ್ತೆ ಕೇಳುವ ಮುನ್ನ ಎಷ್ಟು ಕಾಯಬೇಕು, ಯಾವುದನ್ನು ಮೊದಲು ಕೇಳಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕವಿದೆ. ಅದು ನನ್ನಲ್ಲೇ ಇರಲಿ.

ನಡುವೆ ಡಿಡಿ ಅನ್ನೋ ಕಮಾಂಡ್ ಬಳಸಿ ತುಂಡುಗಳನ್ನು ನೇರ ದೊಡ್ಡ ಫೈಲಿನ ಜಾಗಕ್ಕೇ ಬರೆದು ನೋಡಿದೆ. ಡಿಸ್ಕಿನಲ್ಲಿ ಜಾಗ ಅರ್ಧ ಉಳಿಯಿತು, ಆದರೆ ಯಾವ ತುಂಡು ಬಂದಿಲ್ಲ ಅಂತ ಕಣ್ಣಿಗೆ ಕಾಣದು, ಬಿಟ್ಟೆ. ಬೇರೆ ಬೇರೆ ಫೈಲಾಗಿ ಇಟ್ಟು, 0000, 0001 ಅಂತ ನಾಲ್ಕಂಕಿಯ ಹೆಸರು ಕೊಟ್ಟರೆ ಕ್ಯಾಟ್ ಕಮಾಂಡ್ ಅವನ್ನು ಸಾಲಾಗಿ ಜೋಡಿಸುತ್ತದೆ. ಬರೀ 2, 10 ಅಂತ ಕೊಟ್ಟರೆ 10 ಮುಂದೆ ನುಗ್ಗುತ್ತದೆ. ಹಳೆಯ ಎಫ್‌ಎಟಿ32 ಪೆನ್‌ಡ್ರೈವಿನಲ್ಲಿ ಸಾಗಿಸುವುದಿದ್ದರೆ 40 ತುಂಡಿಗೊಂದು ಕಟ್ಟು ಮಾಡಿ, ಅದರ ಒಂದು ಫೈಲಿಗೆ 4 ಜಿಬಿ ಅನ್ನುವ ಮಿತಿಯೊಳಗೆ ನಿಲ್ಲುತ್ತದೆ.