ಗಡಿ ಠಾಣೆಗೆ ವಿಸ್ಯಾಟ್ ಕಟ್ಟಿದ ನನ್ನ ಅನುಭವ

ಹಾಸನದ ಕಡೆಯವನಾದ ನನಗೆ ಉಪಗ್ರಹವೆಂದರೆ ಚಿಕ್ಕಂದಿನಿಂದಲೂ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯ ದೈತ್ಯ ಆಂಟೆನಾಗಳೇ ನೆನಪಿಗೆ ಬರುತ್ತಿದ್ದವು. ಆದರೆ ಹೊಟ್ಟೆಪಾಡಿಗೆ ನಾನು ಸೇರಿದ್ದು ವಿಸ್ಯಾಟ್, ಅಂದರೆ ಸಣ್ಣ ಡಿಶ್ ಆಂಟೆನಾ ಇಟ್ಟು ಉಪಗ್ರಹದ ಮೂಲಕ ಸಂಪರ್ಕ ಕೊಡುವ ಖಾಸಗಿ ಕಂಪನಿಯೊಂದರ ಫೀಲ್ಡ್ ಎಂಜಿನಿಯರ್ ಆಗಿ. ಮೊದಲ ಕೆಲವು ವರ್ಷ ಬ್ಯಾಂಕ್ ಶಾಖೆ, ಎಟಿಎಂ, ಪೆಟ್ರೋಲ್ ಬಂಕ್‌ಗಳ ಮೇಲೆ 1.2 ಮೀಟರ್ ಡಿಶ್ ಕೂರಿಸುತ್ತಿದ್ದ ನನ್ನನ್ನು, ಕಂಪನಿಗೆ ಅರೆಸೇನಾ ಪಡೆಯೊಂದರ ಗುತ್ತಿಗೆ ಸಿಕ್ಕ ಮೇಲೆ ಲಡಾಖ್‌ಗೆ ಕಳುಹಿಸಿದರು.

ಸೇನೆಗೆ ಸ್ವಂತ ಉಪಗ್ರಹಗಳಿಲ್ಲವೇ ಎಂದು ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ಇವೆ. ನೌಕಾಪಡೆಗೆಂದು 2013ರಲ್ಲಿ ಜಿಸ್ಯಾಟ್-7, ವಾಯುಪಡೆಗೆಂದು 2018ರಲ್ಲಿ ಜಿಸ್ಯಾಟ್-7ಎ ಹಾರಿದವು. ಆದರೆ ಹಾಜರಾತಿ, ದಾಸ್ತಾನಿನ ಲೆಕ್ಕ, ವಿಡಿಯೊ ಸಭೆ, ಜವಾನರು ಮನೆಗೆ ಮಾಡುವ ಕರೆ ಮುಂತಾದ ದಿನನಿತ್ಯದ ವ್ಯವಹಾರದ ಬಹುಪಾಲು, ನಾನು ಕಂಡ ಮಟ್ಟಿಗೆ, ಬಾಡಿಗೆಗೆ ಪಡೆದ ವಾಣಿಜ್ಯ ಬ್ಯಾಂಡ್‌ವಿಡ್ತ್‌ನ ಮೇಲೆಯೇ ನಡೆಯುತ್ತದೆ. ಬ್ಯಾಂಕಿನ ಎಟಿಎಂ ಬಳಸುವ ಉಪಗ್ರಹದಲ್ಲಿ ಸಿಗ್ನಲ್ ಪಡೆದು ಮರಳಿ ಕಳುಹಿಸುವ ಅದೇ ಟ್ರಾನ್ಸ್‌ಪಾಂಡರ್‌ನಲ್ಲಿ ಗಡಿ ಠಾಣೆಗೂ ಒಂದು ಪಾಲು ಇರುತ್ತದೆ. ಮೇಲಿನ ಉಪಗ್ರಹ ನನ್ನ ಅನುಭವದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ತೊಂದರೆಗಳೆಲ್ಲ ನೆಲದ ಮೇಲೆಯೇ ಹುಟ್ಟಿದವು.

ನಾನು ಹೋದ ಠಾಣೆಯ ಹೆಸರನ್ನು ಬರೆಯುವಂತಿಲ್ಲ. ಸೆಪ್ಟೆಂಬರ್ ತಿಂಗಳ ಮಧ್ಯಭಾಗ. ಉಪಗ್ರಹ ಇದ್ದದ್ದು 74 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಬೆಂಗಳೂರು ಮತ್ತು ಲೇಹ್ ಎರಡೂ ಹೆಚ್ಚುಕಡಿಮೆ 77.6 ಡಿಗ್ರಿಯ ಒಂದೇ ರೇಖಾಂಶದ ಮೇಲಿವೆ. ಆದರೂ ಬೆಂಗಳೂರಿನಿಂದ ಈ ಉಪಗ್ರಹ 74 ಡಿಗ್ರಿ ಎತ್ತರದಲ್ಲಿ, ಬಹುತೇಕ ನೆತ್ತಿಯ ಬಳಿ ಸಿಗುತ್ತದೆ, ಲೇಹ್‌ನಿಂದ 50 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ದಿಕ್ಕಂತೂ ಲೇಹ್‌ನಲ್ಲಿ ನೇರ ದಕ್ಷಿಣದಿಂದ ಪಶ್ಚಿಮಕ್ಕೆ ಆರು ಡಿಗ್ರಿಯಷ್ಟೇ ವಾಲಿರುತ್ತದೆ. ಕಾಗದದ ಮೇಲೆ ಇಷ್ಟು ಸುಲಭವಾದ ಲೆಕ್ಕದಲ್ಲಿ ನಾನು ಅರ್ಧ ದಿನ ಕಳೆದುಕೊಂಡೆ. ದಿಕ್ಸೂಚಿ ಹಿಡಿದು ಆಂಟೆನಾ ತಿರುಗಿಸಿದರೆ ಮೀಟರಿನಲ್ಲಿ ಸಿಗ್ನಲ್ ಚೆನ್ನಾಗಿಯೇ ಕಾಣುತ್ತಿತ್ತು, ಮೋಡೆಮ್ ಮಾತ್ರ ಲಾಕ್ ಆಗುತ್ತಿರಲಿಲ್ಲ, ಅಂದರೆ ನಮ್ಮ ಜಾಲದ ಸಿಗ್ನಲ್ ಅದಕ್ಕೆ ಸಿಗುತ್ತಿರಲಿಲ್ಲ. ಕೇಬಲ್ ಬದಲಿಸಿದೆ, ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗವಾದ ಎಲ್‌ಎನ್‌ಬಿ ಬದಲಿಸಿದೆ. ಕೊನೆಗೆ ಹೊಳೆಯಿತು: ನಾನು ಹಿಡಿದಿದ್ದದ್ದು ಪಕ್ಕದ ಬೇರೊಂದು ಉಪಗ್ರಹವನ್ನು. ಸುತ್ತಲಿದ್ದ ತಗಡಿನ ಶೆಡ್ಡುಗಳು ಮತ್ತು ಡೀಸೆಲ್ ಡ್ರಮ್ಮುಗಳು ದಿಕ್ಸೂಚಿಯ ಮುಳ್ಳನ್ನು ಎಳೆದುಕೊಂಡಿದ್ದವು.

ಮಾರನೆಯ ದಿನ ದಿಕ್ಸೂಚಿಯನ್ನು ಚೀಲಕ್ಕೆ ಹಾಕಿ, ನೆಟ್ಟಗೆ ಒಂದು ಸರಳು ನೆಟ್ಟು ಸೂರ್ಯನಿಗಾಗಿ ಕಾದೆ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದಾದ್ದರಿಂದ, ಅಲ್ಲಿ ಆ ದಿನಗಳಲ್ಲಿ ಸೂರ್ಯ ನೇರ ದಕ್ಷಿಣಕ್ಕೆ ಬರುವುದು ಸುಮಾರು 12 ಗಂಟೆ 15 ನಿಮಿಷಕ್ಕೆ. ಆ ಹೊತ್ತಿನ ನೆರಳಿನ ಮೇಲೆ ದಾರ ಎಳೆದು, ಅದರಿಂದ ಆರು ಡಿಗ್ರಿ ಅಳೆದು, ಕಾಂಕ್ರೀಟ್ ಕಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಹಾಕಿದೆ. ಆಂಟೆನಾವನ್ನು ಆ ಗೆರೆಗೆ ಕೂರಿಸಿದ ಹತ್ತು ನಿಮಿಷದೊಳಗೆ ಮೋಡೆಮ್ ಲಾಕ್ ಆಯಿತು.

ಲಾಕ್ ಆದರೆ ಕೆಲಸ ಮುಗಿಯಿತೆಂದಲ್ಲ. ಒಂದೇ ತರಂಗಾಂತರವನ್ನು ಲಂಬ ಮತ್ತು ಅಡ್ಡ ಧ್ರುವೀಕರಣಗಳಲ್ಲಿ (ತರಂಗ ಕಂಪಿಸುವ ಎರಡು ದಿಕ್ಕುಗಳಲ್ಲಿ) ಇಬ್ಬರು ಗ್ರಾಹಕರಿಗೆ ಹಂಚಿರುವುದರಿಂದ, ಡಿಶ್ ಮುಂದಿರುವ ನಮ್ಮ ಫೀಡ್ ಕೊಂಚ ಓರೆಯಾದರೂ ನಮ್ಮ ಸಿಗ್ನಲ್ ಇನ್ನೊಬ್ಬರ ಪಾಲಿನೊಳಗೆ ಸೋರುತ್ತದೆ. ಆದ್ದರಿಂದ ಜಾಲದ ಕೇಂದ್ರ ನೆಲೆಯಾದ ಹಬ್‌ನ ಎಂಜಿನಿಯರ್ ಹೇಳಿದ ಹೊತ್ತಿಗೆ ಮಾಹಿತಿಯಿಲ್ಲದ ಬರಿಯ ಕ್ಯಾರಿಯರ್ ತರಂಗ ಪ್ರಸಾರ ಮಾಡಿ, ಸೋರಿಕೆ 30 ಡೆಸಿಬೆಲ್‌ನಷ್ಟು, ಅಂದರೆ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುವವರೆಗೆ ಫೀಡನ್ನು ಕೂದಲೆಳೆಯಷ್ಟೇ ತಿರುಗಿಸುತ್ತಿರಬೇಕು. ಊರಿನಲ್ಲಾದರೆ ಮೊಬೈಲ್ ಕಿವಿಗಿಟ್ಟುಕೊಂಡು ಮಾಡುವ ಕೆಲಸವಿದು. ಅಲ್ಲಿ ನಾನು ಹೇಳಿದ್ದನ್ನು ಠಾಣೆಯ ವೈರ್‌ಲೆಸ್ ಆಪರೇಟರ್ ಮುಖ್ಯ ಕಚೇರಿಗೆ ಹೇಳಿ, ಅವರು ಹಬ್‌ಗೆ ಫೋನ್ ಮಾಡಿ, ಉತ್ತರ ಅದೇ ದಾರಿಯಲ್ಲಿ ವಾಪಸು ಬರಬೇಕಿತ್ತು. ಕೈಗವಸು ತೆಗೆದರೆ ಬೆರಳು ಮರಗಟ್ಟುತ್ತಿತ್ತು, ಹಾಕಿಕೊಂಡರೆ ಸ್ಕ್ರೂ ಕೈಗೆ ಸಿಗುತ್ತಿರಲಿಲ್ಲ.

ಆ ಆಪರೇಟರ್ ಬೆಳಗಾವಿ ಕಡೆಯವರು. ಸಂಪರ್ಕ ಬಂದ ಸಂಜೆ ಅವರೇ ಮೊದಲು ಮನೆಗೆ ಕರೆ ಮಾಡಿದರು. ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಮಾತು ಮೇಲೇರಿ ಇಳಿಯುವಷ್ಟರಲ್ಲಿ ಕಾಲು ಸೆಕೆಂಡು ಕಳೆದಿರುತ್ತದೆ, ಉತ್ತರಕ್ಕೆ ಇನ್ನೊಂದು ಕಾಲು ಸೆಕೆಂಡು. ಅಷ್ಟರಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ. “ಅವ್ವಾ, ನಾ ಮುಗಿಸೂತನಕ ತಡಿ” ಎಂದು ಅವರು ನಾಲ್ಕು ಸಲ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ.

ಸಂದೇಶವನ್ನು ಗೂಢಲಿಪಿಗೆ ಇಳಿಸುವ ಪೆಟ್ಟಿಗೆ ಪಡೆಯವರದೇ. ಅದನ್ನು ನಾವು ಮುಟ್ಟುವಂತಿಲ್ಲ. ನಮ್ಮದು ಮೋಡೆಮ್‌ನ ಒಂದು ಪೋರ್ಟ್ ಕೊಡುವವರೆಗಿನ ಕೆಲಸ. ಹಾಗಾಗಿ ಭದ್ರತೆ ನಮ್ಮ ತಲೆನೋವಲ್ಲ ಎಂದೇ ನಾನೂ ಬಹಳ ಕಾಲ ನಂಬಿದ್ದೆ. 2022ರ ಫೆಬ್ರುವರಿ 24ರಂದು, ರಷ್ಯಾ ಉಕ್ರೇನಿನ ಮೇಲೆ ದಾಳಿ ಆರಂಭಿಸಿದ ದಿನವೇ, ಯುರೋಪಿನಲ್ಲಿ ಉಪಗ್ರಹ ಇಂಟರ್ನೆಟ್ ಕೊಡುವ, ವಯಾಸ್ಯಾಟ್ ಕಂಪನಿಯ ಕಾ-ಸ್ಯಾಟ್ ಜಾಲದ ಸಾವಿರಾರು ಮೋಡೆಮ್‌ಗಳು ಒಮ್ಮೆಲೇ ಸತ್ತವು. ಉಪಗ್ರಹಕ್ಕೆ ಏನೂ ಆಗಿರಲಿಲ್ಲ, ಗೂಢಲಿಪಿಯನ್ನೂ ಯಾರೂ ಒಡೆದಿರಲಿಲ್ಲ. ಸರಿಯಾಗಿ ಹೊಂದಿಸದೆ ಬಿಟ್ಟಿದ್ದ, ದೂರದಿಂದ ಜಾಲದೊಳಗೆ ಬರಲು ಬಳಸುವ ವಿಪಿಎನ್ ಉಪಕರಣವೊಂದರ ಮೂಲಕ ನಿರ್ವಹಣಾ ಜಾಲಕ್ಕೆ ನುಗ್ಗಿದವರು ಮೋಡೆಮ್‌ಗಳ ಫ್ಲ್ಯಾಶ್ ಮೆಮೊರಿಯನ್ನು ಅಳಿಸಿಹಾಕಿದ್ದರು. ಜರ್ಮನಿಯಲ್ಲಿ ಯುದ್ಧಕ್ಕೆ ಸಂಬಂಧವೇ ಇಲ್ಲದ 5,800 ಗಾಳಿಯಂತ್ರಗಳ ದೂರ ನಿಗಾ ವ್ಯವಸ್ಥೆಯೂ ಜೊತೆಗೆ ಕಡಿದುಹೋಯಿತು. ಈ ಘಟನೆಯ ವರದಿಯನ್ನು ಓದಿದ ವಾರ ನಾನು ಕಟ್ಟಿದ ಕೇಂದ್ರಗಳ ಪಟ್ಟಿ ತೆಗೆದು ನೋಡಿದಾಗ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಹಾಗೆಯೇ ಉಳಿದಿದ್ದ ಮೋಡೆಮ್‌ಗಳು ಕೈಬೆರಳೆಣಿಕೆಗಿಂತ ಹೆಚ್ಚಿದ್ದವು. ತಪ್ಪು ನನ್ನದೇ.

ಮಳೆಯ ವಿಷಯ ಬೇರೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ಪರಿಹಾರ ಕಚೇರಿಯೊಂದಕ್ಕೆ ಟರ್ಮಿನಲ್ ಒಯ್ದಿದ್ದೆವು. ಅದು ಬಳಸುವ ಕೆಯು ಬ್ಯಾಂಡ್ (ಉಪಗ್ರಹ ಸಂಪರ್ಕದ ಒಂದು ತರಂಗ ಪಟ್ಟಿ) ತರಂಗವನ್ನು ಜಡಿಮಳೆ ನುಂಗುತ್ತದೆ. ಮೋಡೆಮ್ ತಾನಾಗಿಯೇ ವೇಗ ಇಳಿಸಿಕೊಂಡು ಸ್ವಲ್ಪ ಹೊತ್ತು ತಾಳುತ್ತದೆ, ಆಮೇಲೆ ಬಿಟ್ಟುಬಿಡುತ್ತದೆ. ನೆರವು ಬೇಡುವ ಹೊತ್ತು ಮತ್ತು ಸಂಪರ್ಕ ಕಡಿಯುವ ಹೊತ್ತು ಒಂದೇ ಆಗಿತ್ತು. ಸಿ ಬ್ಯಾಂಡ್ ಮಳೆಗೆ ಜಗ್ಗುವುದಿಲ್ಲ, ಆದರೆ ಅದರ ದೊಡ್ಡ ಆಂಟೆನಾ ಕುಸಿದ ರಸ್ತೆಯಲ್ಲಿ ಹೋಗುವುದಿಲ್ಲ. ಎಲ್ ಬ್ಯಾಂಡಿನ ಪೆಟ್ಟಿಗೆ ಕೈಚೀಲದಲ್ಲಿ ಹಿಡಿಯುತ್ತದೆ, ಮಳೆಗೂ ಹೆದರುವುದಿಲ್ಲ, ಆದರೆ ವೇಗ ಅರ್ಧ ಎಂಬಿಪಿಎಸ್ ದಾಟದು. ವಿಪತ್ತಿಗೆಂದು ಕೊಳ್ಳುವವರು ಕೆಯು ಟರ್ಮಿನಲ್ ಜೊತೆಗೆ ಇಂಥದ್ದೊಂದನ್ನೂ ಇಟ್ಟುಕೊಳ್ಳಬೇಕೆಂದು ನಾನು ಅಂದಿನಿಂದ ಹೇಳುತ್ತಾ ಬಂದಿದ್ದೇನೆ. 2024ರ ನವೆಂಬರ್‌ನಲ್ಲಿ ಹಾರಿದ ಜಿಸ್ಯಾಟ್-ಎನ್2 ತನ್ನ 32 ಕಿರಣಗಳಲ್ಲಿ 48 ಜಿಬಿಪಿಎಸ್ ಸಾಮರ್ಥ್ಯ ತಂದಿದೆ ನಿಜ, ಆದರೆ ಅದು ಕೆಎ ಬ್ಯಾಂಡ್, ಮಳೆಗೆ ಇನ್ನೂ ಮೆದು.

ಟೆಂಡರಿನ ಭಾಷೆಯ ಬಗ್ಗೆ ಒಂದೇ ಮಾತು: “2 ಎಂಬಿಪಿಎಸ್” ಎಂದಷ್ಟೇ ಬರೆದರೆ ಸಾಲದು. ಅದು ಮೀಸಲೇ, ಹತ್ತು ಕೇಂದ್ರಗಳೊಂದಿಗೆ ಹಂಚಿಕೊಂಡದ್ದೇ ಎಂದು ಬರೆಯದ ಒಂದು ಕಚೇರಿಯವರು, ಎಲ್ಲರೂ ಒಟ್ಟಿಗೆ ವಿಡಿಯೊ ಸಭೆಗೆ ಕೂತ ದಿನ ನನ್ನನ್ನು ಬೈದರು.

ಲಡಾಖ್‌ನ ಆ ಠಾಣೆಯಿಂದ ಜನವರಿಯಲ್ಲಿ ದೂರು ಬಂತು. ಗಾಳಿಗೆ ಆಂಟೆನಾ ಕಂಬದ ಮೇಲೆ ತಿರುಗಿಹೋಗಿತ್ತು, ದಾರಿ ಹಿಮದಿಂದ ಮುಚ್ಚಿತ್ತು. ಅದೇ ಆಪರೇಟರಿಗೆ ಮುಖ್ಯ ಕಚೇರಿಯ ಮೂಲಕ ಹೇಳಿ ಕಳುಹಿಸಿದೆ: ಹಿಂಬದಿಯ ಎರಡು ಬೋಲ್ಟ್ ಸಡಿಲಿಸಿ ಗೆರೆಗೆ ತನ್ನಿ, ಎತ್ತರದ ಬೋಲ್ಟನ್ನೂ ಫೀಡನ್ನೂ ಮುಟ್ಟಬೇಡಿ, ಲಾಕ್ ಆಗುವವರೆಗೆ ಮೋಡೆಮ್ ಏನನ್ನೂ ಪ್ರಸಾರ ಮಾಡುವುದಿಲ್ಲವಾದ್ದರಿಂದ ಹೆದರಬೇಡಿ. ಒಂದೂವರೆ ಗಂಟೆಯ ನಂತರ ನನ್ನ ಮೊಬೈಲ್ ಸದ್ದಾಯಿತು, ಅದೇ ಕಾಲು ಸೆಕೆಂಡಿನ ತಡದೊಂದಿಗೆ. “ಸರ, ಕೆಂಪು ಗೆರೀಗೆ ತಂದು ನಿಲ್ಲಿಸೇನ್ರಿ, ಹಸರ ಲೈಟ್ ಹತ್ತೇತ್ರಿ.” ಈಗ ನನ್ನ ಉಪಕರಣದ ಚೀಲದಲ್ಲಿ ಸಣ್ಣ ಡಬ್ಬಿ ಬಣ್ಣ ಮತ್ತು ಒಂದು ಉಂಡೆ ದಾರ ಖಾಯಂ ಆಗಿವೆ.