ಡಾಂಬರು ಹಾಕುವ ಕಾಲದಲ್ಲಿ ಗಾಡಿ ಓಡಿಸುವುದು ಹೇಗೆ?

ಮಳೆ ನಿಂತ ಮೇಲೆ ನಮ್ಮ ಕಡೆ ಡಾಂಬರು ಕೆಲಸ ಜೋರು. ಒದ್ದೆ ನೆಲಕ್ಕೆ ಡಾಂಬರು ಹಿಡಿಯುವುದಿಲ್ಲ, ಅದಕ್ಕೇ. ಅದೇ ಹೊತ್ತಿಗೆ ತೊಗರಿ ಲಾರಿ, ಕಬ್ಬಿನ ಟ್ರ್ಯಾಕ್ಟರ್ ಕೂಡ ರಸ್ತೆಗೆ ಇಳಿಯುತ್ತವೆ, ಹಾಗಾಗಿ ಕಲಬುರಗಿಯಿಂದ ಜೇವರ್ಗಿಗೋ ಹುಮನಾಬಾದಿಗೋ ಹೊರಡುವಾಗ ಅರ್ಧ ತಾಸು ಜಾಸ್ತಿ ಇಟ್ಟುಕೊಳ್ಳಿ.

ಸೇತುವೆ ರಿಪೇರಿ ಇದ್ದರೆ ಮ್ಯಾಪ್ ಒಂದನ್ನೇ ನಂಬಬೇಡಿ. ಆ ದಾರಿಯಲ್ಲಿ ಬಂದ ಬಸ್ ಡ್ರೈವರ್‌ಗೆ ಕೇಳಿ, ಪಕ್ಕಾ ಸುದ್ದಿ ಸಿಗುತ್ತದೆ. ಕಟ್ಟಿಸಂಗಾವಿಯ ಭೀಮಾ ಸೇತುವೆಯಂಥ ಕಡೆ ಒಂದೇ ಬದಿ ಬಿಟ್ಟಿದ್ದರೆ, ಎದುರಿನ ಗಾಡಿಗಳು ದಾಟುವ ತನಕ ಸುಮ್ನೆ ಸಾಲಿನಲ್ಲೇ ನಿಲ್ಲಿ. ಸಂದು ಸಿಕ್ಕಿತು ಅಂತ ಬಲಕ್ಕೆ ನುಗ್ಗುವವನೇ (ಅಂಥವನೊಬ್ಬ ಇದ್ದೇ ಇರುತ್ತಾನೆ, ಅಲ್ವಾ?) ಎಲ್ಲರನ್ನೂ ತಾಸುಗಟ್ಟಲೆ ನಿಲ್ಲಿಸುವುದು.

ಮಣ್ಣಿನ ಬದಲಿ ದಾರಿಯಲ್ಲಿ ಹುಷಾರು. ನಮ್ಮ ಎರೆ ಮಣ್ಣು ಎರಡು ಹನಿ ಬಿದ್ದರೂ ಸಾಬೂನಿನಂತೆ ಜಾರುತ್ತದೆ, ಬೈಕಿನವರು ಮುಂದಿನ ಬ್ರೇಕ್ ಗಟ್ಟಿ ಹಿಡಿಯದೆ ಕಡಿಮೆ ಗೇರಿನಲ್ಲಿ ನಿಧಾನವಾಗಿ ಹೋಗಿ. ಹೊಸ ಜಲ್ಲಿಯ ಮೇಲೆ ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗಬೇಡಿ, ಕಲ್ಲು ಸಿಡಿದು ಗಾಜು ಒಡೆಯುತ್ತದೆ. ನನ್ನದು ಒಡೆದಿದೆ.

ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ 1033ಕ್ಕೆ ಫೋನ್ ಮಾಡಿ.